ಸೋಗಾನೆ ಇರುವಾಗ ಇನ್ನೊಂದು ಯಾಕೆ?

ಮಾನ್ಯರೇ,

ದಾವಣಗೆರೆಗೂ ವಿಮಾನ ನಿಲ್ದಾಣ ಬೇಕು ಅನ್ನುವವರು ಒಮ್ಮೆ ಶಿವಮೊಗ್ಗದ ಸೋಗಾನೆ ನೋಡಿ ಬರಲಿ. 2023ರಲ್ಲೇ ಉದ್ಘಾಟನೆಯಾದ ನಿಲ್ದಾಣ, ಏರ್‌ಬಸ್ ಇಳಿಯುವಷ್ಟು ಉದ್ದದ ರನ್‌ವೇ. ರಾತ್ರಿಯಲ್ಲೂ ಮಂಜಿನಲ್ಲೂ ವಿಮಾನ ಇಳಿಯುವಂತೆ ಅದನ್ನೇ ಪಕ್ಕಾ ಮಾಡಿದರೆ ಸಾಕಲ್ವಾ?

ನಮಗೆ ಬೇಕಿರುವುದು ಅಲ್ಲಿಗೆ ಹೋಗುವ ದಾರಿ. ಹೊನ್ನಾಳಿ ಕಡೆ ಸುಗ್ಗಿ ಹೊತ್ತಿಗೆ ಅರ್ಧ ಡಾಂಬರಿನ ಮೇಲೆ ಮೆಕ್ಕೆಜೋಳ ಹರಡಿರುತ್ತದೆ, ಉಳಿದರ್ಧದಲ್ಲಿ ಲಾರಿ, ಟ್ರ್ಯಾಕ್ಟರು. (ಕಣ ಇಲ್ಲದ ನಾವು ಇನ್ನೆಲ್ಲಿ ಒಣಗಿಸೋಣ?) ರಸ್ತೆ ಅಗಲವಾಗಲಿ, ಪಕ್ಕದಲ್ಲಿ ಒಕ್ಕಣೆ ಕಣ ಕಟ್ಟಿಕೊಡಲಿ. ವಿಮಾನದ ಸಮಯಕ್ಕೆ ದಾವಣಗೆರೆಯಿಂದ ಒಂದು ಬಸ್ ಬಿಡಲಿ.

ಹೊಸ ನಿಲ್ದಾಣ ಅಂದರೆ ನೂರಾರು ಎಕರೆ ಹೊಲ ಹೋಗುತ್ತದೆ. ಭದ್ರಾ ನೀರು ಕಂಡ ಜಮೀನನ್ನು ಯಾರೂ ಸುಮ್ನೆ ಬಿಟ್ಟುಕೊಡುವುದಿಲ್ಲ.

– ಮೆಕ್ಕೆಜೋಳ ಬೆಳೆಗಾರ, ಹೊನ್ನಾಳಿ ತಾಲ್ಲೂಕು, ದಾವಣಗೆರೆ ಜಿಲ್ಲೆ