ಸ್ಕ್ರೀನ್ ಮೇಲೆ ಪಾಸಾದ ಗಿಡದ ಮದ್ದು ಲ್ಯಾಬಿಗೂ ಬರಲಿ: ವಿಜ್ಞಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವಿಜ್ಞಾನ ಸಚಿವರಿಗೆ ನಮಸ್ಕಾರ.

ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಗಿಡಗಳಲ್ಲಿ ಮದ್ದು ಹುಡುಕುವ ಕೆಲಸ ಈಗ ಕಂಪ್ಯೂಟರ್‌ಗಳಲ್ಲಿ ಜೋರಾಗಿ ನಡೆಯುತ್ತಿದೆ. ನಡೆಯಲೇಬೇಕು. 2019ರಲ್ಲಿ ಇಂಥ ಸೋಂಕುಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ನನ್ನ ತಕರಾರು ಒಂದೇ. ಸಾರ್ವಜನಿಕ ಹಣದಲ್ಲಿ ಶುರುವಾದ ಎಷ್ಟೋ ಹುಡುಕಾಟಗಳು ಸ್ಕ್ರೀನ್ ಮೇಲೇ ಮುಗಿದುಹೋಗುತ್ತಿವೆ.

ಈ ಕೆಲಸಕ್ಕೆ ಡಾಕಿಂಗ್ ಅನ್ನುತ್ತಾರೆ. ಮೊದಲು ಬ್ಯಾಕ್ಟೀರಿಯಾದ ಒಂದು ಪ್ರೋಟೀನ್ ಆರಿಸಿಕೊಳ್ಳುತ್ತಾರೆ. ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಆದರೆ ಪಿಬಿಪಿ2ಎ ಇದ್ದೇ ಇದೆ. ಪೆನಿಸಿಲಿನ್ ಕುಟುಂಬದ ಔಷಧಿಗಳು ಸರಿಯಾಗಿ ಅಂಟದ ಪ್ರೋಟೀನ್ ಅದು. ಅದರ ರಚನೆ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಪುಕ್ಕಟೆ ಸಿಗುತ್ತದೆ. ಗಿಡದ ಒಂದೊಂದೇ ಅಣುವನ್ನು ಆ ಪ್ರೋಟೀನ್‌ನ ಗುಳಿಯೊಳಗೆ ತಿರುಗಿಸಿ, ಹೊರಳಿಸಿ, ಕೂರಿಸಿ ನೋಡಿ ಸಾಫ್ಟ್‌ವೇರ್ ಒಂದು ಅಂಕ ಕೊಡುತ್ತದೆ. ಅಂಕ ಮೈನಸ್ ಕಡೆಗೆ ಇಳಿದಷ್ಟೂ ಅಂಟು ಗಟ್ಟಿ ಅಂತ ಲೆಕ್ಕ. ಸಾವಿರಾರು ಅಣುಗಳಲ್ಲಿ ಹತ್ತಿಪ್ಪತ್ತನ್ನು ಜರಡಿ ಹಿಡಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಆದರೆ ಆ ಅಂಕ ಹೇಳುವುದು ಇಷ್ಟೇ: ಅಣು ಅಲ್ಲಿ ಕೂರಬಹುದು. ಅಲ್ಲಿಗೆ ತಲುಪುತ್ತದೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಇ. ಕೋಲಿಯಂಥ ಬ್ಯಾಕ್ಟೀರಿಯಾಗೆ ಹೊರಗೊಂದು ಪೊರೆ ಇರುತ್ತದೆ. ಅದನ್ನು ದಾಟಿ ಬಂದದ್ದನ್ನೂ ಬ್ಯಾಕ್ಟೀರಿಯಾದ ಪಂಪುಗಳು, ಅಂದರೆ ಪಂಪಿನಂತೆ ಕೆಲಸ ಮಾಡುವ ಪ್ರೋಟೀನ್‌ಗಳು, ಎತ್ತಿ ಹೊರಗೆ ಹಾಕುತ್ತವೆ. ಇನ್ನೂ ಗಟ್ಟಿ ಸಾಕ್ಷಿ ಬೇಕೆಂದು, ಅಣು ಮತ್ತು ಪ್ರೋಟೀನ್ ಹೇಗೆ ಅಲುಗಾಡುತ್ತವೆ ಎಂದು ಕಂಪ್ಯೂಟರ್‌ನಲ್ಲೇ ಲೆಕ್ಕಹಾಕುವ ಸಿಮ್ಯುಲೇಷನ್ ಓಡಿಸುತ್ತಾರೆ, ಸಾಮಾನ್ಯವಾಗಿ 100 ನ್ಯಾನೋಸೆಕೆಂಡ್. ಅಂದರೆ ಒಂದು ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲು! ಅಷ್ಟು ಹೊತ್ತು ಅಣು ಜಾಗ ಬಿಟ್ಟು ಕದಲಲಿಲ್ಲ ಅಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸತ್ತಂತಾಯಿತೇ?

ಡಾಕಿಂಗ್‌ನಲ್ಲಿ ಪಾಸಾದ ಅಣುಗಳ ಪಟ್ಟಿಗಳನ್ನು ಓದಿ ಓದಿ ನನಗೆ ಕೆಲವು ಹೆಸರು ಬಾಯಿಪಾಠವಾಗಿವೆ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್, ಅರಿಶಿನದಲ್ಲಿರುವ ಕರ್ಕ್ಯುಮಿನ್. ಪ್ರೋಟೀನ್ ಯಾವುದೇ ಇರಲಿ, ಇವು ಹಾಜರ್. ಕರ್ಕ್ಯುಮಿನ್ ನೀರಿನಲ್ಲಿ ಬೇಗ ಒಡೆದುಹೋಗುತ್ತದೆ, ಲ್ಯಾಬ್ ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ತೋರಿಸುತ್ತದೆ ಎಂದು ಔಷಧ ರಸಾಯನ ತಜ್ಞರು 2017ರಲ್ಲೇ ವಿವರವಾಗಿ ಬರೆದಿದ್ದಾರೆ. ಆದರೂ ಅದು ಪಟ್ಟಿ ಬಿಟ್ಟು ಇಳಿದಿಲ್ಲ.

ಹಾಗಂತ ಗಿಡಗಳಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. ಬರ್ಬೆರಿಸ್ ಜಾತಿಯ ಗಿಡಗಳಲ್ಲಿ ಬರ್ಬೆರಿನ್ ಅನ್ನುವ ಹಳದಿ ವಸ್ತು ಇದೆ. ಬ್ಯಾಕ್ಟೀರಿಯಾ ಕೊಲ್ಲುವುದರಲ್ಲಿ ಅದು ಅಷ್ಟಕ್ಕಷ್ಟೇ, ಯಾಕೆಂದರೆ ಸ್ಟ್ಯಾಫಿಲೋಕಾಕಸ್ ಅದನ್ನು ನಾರ್‌ಎ ಅನ್ನುವ ಪಂಪಿನಿಂದ ಹೊರದಬ್ಬುತ್ತದೆ. ಅದೇ ಗಿಡ ಮೆಥಾಕ್ಸಿಹಿಡ್ನೋಕಾರ್ಪಿನ್ ಅನ್ನುವ ಇನ್ನೊಂದು ವಸ್ತುವನ್ನೂ ತಯಾರಿಸುತ್ತದೆ ಎಂದು 2000ದಲ್ಲಿ ಗೊತ್ತಾಯಿತು. ಅದೊಂದನ್ನೇ ಹಾಕಿದರೆ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯುತ್ತದೆ. ಬರ್ಬೆರಿನ್ ಜೊತೆ ಹಾಕಿ ನೋಡಿ: ಪಂಪು ಕಟ್ಟಿಕೊಳ್ಳುತ್ತದೆ, ಬರ್ಬೆರಿನ್ ಒಳಗೇ ಉಳಿದು ತನ್ನ ಕೆಲಸ ಮಾಡುತ್ತದೆ. ಕೊಲ್ಲುವ ಅಣುವನ್ನಷ್ಟೇ ಹುಡುಕಿದ್ದರೆ ಈ ಜೋಡಿಯಲ್ಲಿ ಎರಡನೆಯದು ಕಸದ ಬುಟ್ಟಿ ಸೇರುತ್ತಿತ್ತು. ಈಗ ಪಂಪುಗಳನ್ನೇ ಗುರಿಯಾಗಿಟ್ಟು ಡಾಕಿಂಗ್ ಮಾಡಬಹುದು. ಕಂಪ್ಯೂಟರ್‌ಗೆ ಆ ಪ್ರಶ್ನೆ ಕೊಟ್ಟಿದ್ದು ಲ್ಯಾಬು, ಅಲ್ವಾ?

2020ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯವರು ಹ್ಯಾಲಿಸಿನ್ ಅನ್ನುವ ಆಂಟಿಬಯಾಟಿಕ್ ಕಂಡುಹಿಡಿದದ್ದೂ ಹೀಗೇ. ಅದು ಗಿಡದ್ದಲ್ಲ, ವಿಧಾನವೂ ಡಾಕಿಂಗ್ ಅಲ್ಲ. ನಾನು ಹೇಳುತ್ತಿರುವುದು ಕ್ರಮದ ಬಗ್ಗೆ. ಸುಮಾರು 2,300 ವಸ್ತುಗಳನ್ನು ನಿಜವಾದ ಇ. ಕೋಲಿ ಮೇಲೆ ಹಾಕಿ, ಆ ಫಲಿತಾಂಶದಿಂದ ಕಂಪ್ಯೂಟರ್‌ಗೆ ಕಲಿಸಿದರು. ಅದು ಮೊದಲು ಸೋಸಿದ ಔಷಧ ಅಣುಗಳ ಚಿಕ್ಕ ಸಂಗ್ರಹದಲ್ಲೇ ಹ್ಯಾಲಿಸಿನ್ ಸಿಕ್ಕಿತು. ಆಮೇಲೆ ಬೇರೆ 10 ಕೋಟಿಗೂ ಜಾಸ್ತಿ ಅಣುಗಳನ್ನು ಸೋಸಿ, ಆರಿಸಿದ 23ನ್ನು ಮತ್ತೆ ಲ್ಯಾಬಿಗೆ ತಂದರು. ಎಂಟು ಕೆಲಸ ಮಾಡಿದವು. ಉಳಿದ 15 ಫೇಲ್ ಆದದ್ದೂ ನಮಗೆ ಗೊತ್ತಾಗಿದೆ, ಅದು ಮುಖ್ಯ.

ಮೊದಲ ಪರೀಕ್ಷೆಗೆ ಬೇಕಾಗುವುದು ದೊಡ್ಡದೇನಲ್ಲ. 96 ಗುಳಿಗಳ ಒಂದು ಪ್ಲಾಸ್ಟಿಕ್ ತಟ್ಟೆ. ಗುಳಿಯಿಂದ ಗುಳಿಗೆ ಮದ್ದನ್ನು ಅರ್ಧರ್ಧ ತೆಳುಮಾಡಿ, ಬ್ಯಾಕ್ಟೀರಿಯಾ ಸೇರಿಸಿ, ರಾತ್ರಿಯಿಡೀ ಬೆಚ್ಚಗೆ ಇಡುತ್ತೇವೆ. ಬೆಳಿಗ್ಗೆ ಗುಳಿ ಮಸುಕಾಗಿದ್ದರೆ ಬ್ಯಾಕ್ಟೀರಿಯಾ ಬೆಳೆದಿದೆ. ಗಿಡದ ಸಾರಕ್ಕೆ ಅದರದೇ ಬಣ್ಣ ಇರುವುದರಿಂದ ಕಣ್ಣು ಮೋಸಹೋಗಬಹುದು. ಅದಕ್ಕೆ ರೆಸಾಜುರಿನ್ ಅನ್ನುವ ನೀಲಿ ಬಣ್ಣದ ವಸ್ತು ಹಾಕುತ್ತೇವೆ. ಬ್ಯಾಕ್ಟೀರಿಯಾಗೆ ಜೀವ ಇದ್ದರೆ ಆ ನೀಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಇಷ್ಟಾದರೂ ಮಾಡಲು ಎಷ್ಟೋ ಕಡೆ ಅನುಕೂಲವಿಲ್ಲ. ರೋಗಕಾರಕ ಬ್ಯಾಕ್ಟೀರಿಯಾ ಇಟ್ಟುಕೊಳ್ಳಲು ಸುರಕ್ಷಿತ ಲ್ಯಾಬ್ ಬೇಕು, ಶುದ್ಧ ಸಂಯುಕ್ತ ಕೊಳ್ಳಲು ದುಡ್ಡು ಬೇಕು. ಲ್ಯಾಪ್‌ಟಾಪ್ ಎಲ್ಲರ ಹತ್ತಿರ ಇದೆ. ಹಾಗಾಗಿ ಸಂಶೋಧಕರನ್ನಷ್ಟೇ ಬೈದು ಪ್ರಯೋಜನವಿಲ್ಲ.

ನನ್ನ ಕೋರಿಕೆ ಇಷ್ಟು. ಡಾಕಿಂಗ್ ಯೋಜನೆಗೆ ಹಣ ಮಂಜೂರು ಮಾಡುವಾಗಲೇ ಈ ತಟ್ಟೆಯ ಪರೀಕ್ಷೆಗೂ, ಮನುಷ್ಯರ ಜೀವಕೋಶಕ್ಕೆ ವಿಷವೇ ಅನ್ನುವ ಪರೀಕ್ಷೆಗೂ ಪ್ರತ್ಯೇಕ ಮೊತ್ತ ತೆಗೆದಿಡಿ. ಸ್ವಂತ ಲ್ಯಾಬ್ ಇಲ್ಲದವರು ಸ್ಯಾಂಪಲ್ ಕಳಿಸಲು ಸಾರ್ವಜನಿಕ ಪರೀಕ್ಷಾ ಕೇಂದ್ರ ತೆರೆಯಿರಿ. ಫೇಲ್ ಆದ ಅಣುಗಳ ವಿವರವನ್ನೂ ಎಲ್ಲರೂ ನೋಡುವಂತೆ ಹಾಕಬೇಕೆಂದು ಷರತ್ತಿಡಿ. ಮುಂದಿನ ಅರ್ಜಿ ಆಹ್ವಾನದಲ್ಲೇ ಇದು ಸೇರಲಿ. ಸೇರಿಸಲು ಆಗದಿದ್ದರೆ, ಯಾಕೆ ಆಗುವುದಿಲ್ಲ ಎಂದು ಇಷ್ಟೇ ಬಹಿರಂಗವಾಗಿ ತಿಳಿಸಿ.

ಇಂತಿ,
ಸೂಕ್ಷ್ಮಜೀವಿ ವಿಜ್ಞಾನದ ಒಬ್ಬ ಅಧ್ಯಾಪಕ