ಅಪ್ಪನ ಮಾತ್ರೆ ಮುಗೀತು, ಥ್ಯಾಂಕ್ಸ್ ಹೇಳೋಕೆ ತುಂಬಾ ಜನ ಇದಾರೆ

ಮೊನ್ನೆ ಗುರುವಾರ ರಾತ್ರಿ ಊಟ ಮಾಡಿ ಅಪ್ಪ ತನ್ನ ರಕ್ತದ ಕ್ಯಾನ್ಸರಿನ ಕಡೇ ನಾಲ್ಕು ಮಾತ್ರೆ ನುಂಗಿದ. ಆಯಿ ಆ ಖಾಲಿ ಸ್ಟ್ರಿಪ್ ಬಿಸಾಡ್ಲಿಲ್ಲ, ದೇವರ ಗೂಡಲ್ಲಿ ಕುಂಕುಮದ ಬಟ್ಟಲ ಪಕ್ಕ ಇಟ್ಟಿದಾಳೆ. ಒಟ್ಟು 12 ಸೈಕಲ್, ಅಂದ್ರೆ 12 ಸುತ್ತು ಚಿಕಿತ್ಸೆ, ಒಂದೊಂದು 28 ದಿನದ್ದು. ಕಳೆದ ವಾರದ ರಿಪೋರ್ಟಲ್ಲಿ ಹತ್ತು ಸಾವಿರ ಬಿಳಿ ರಕ್ತಕಣ ಹುಡುಕಿದ್ರೆ ಅದರಲ್ಲಿ ಒಂದು ಕ್ಯಾನ್ಸರ್ ಕಣನೂ ಸಿಗ್ತಾ ಇಲ್ಲ ಅಂತ ಬಂದಿದೆ. ಇನ್ಯಾವತ್ತೂ ಬರಲ್ಲ ಅಂತ ಡಾಕ್ಟ್ರು ಹೇಳಿಲ್ಲ, ಮೂರು ತಿಂಗಳಿಗೊಮ್ಮೆ ಬನ್ನಿ ಅಂದಿದಾರೆ, ಅಷ್ಟು ಸಾಕು ನಮಗೆ.

ಮೊದಲ ನಮಸ್ಕಾರ ಸಿರ್ಸಿ ಪೇಟೆ ಲ್ಯಾಬಲ್ಲಿ ಕೆಲಸ ಮಾಡೋ ಹುಡುಗಿಗೆ. ಅದಕ್ಕೂ ಮುಂಚೆ ಒಂದು ಕಡೆ ಆರು ತಿಂಗಳು ಬರೀ ಶಕ್ತಿ ಟಾನಿಕ್ ಕೊಟ್ಟು ಕಳಿಸ್ತಾ ಇದ್ರು, ಅಪ್ಪನೂ ಕುತ್ತಿಗೆಯ ಗಂಟು ಮುಟ್ಟಿ ಮುಟ್ಟಿ "ನಂಗೆಂತ ಆಯ್ದಿಲ್ಲೆ, ಸುಮ್ನಿರಿ" ಅಂತಿದ್ದ. ಆ ಹುಡುಗಿಯ ಲ್ಯಾಬಲ್ಲಿ ರಕ್ತ ನೋಡಿಸಿದ್ರೆ ಬಿಳಿ ರಕ್ತಕಣ ಹನ್ನೊಂದು ಸಾವಿರದೊಳಗೆ ಇರಬೇಕಾದ್ದು 1,38,000 ಬಂತು. ಮಷೀನ್ ಕೊಟ್ಟ ನಂಬರ್ ಪ್ರಿಂಟ್ ಮಾಡಿ ಕೊಟ್ಟಿದ್ರೆ ಅವಳ ಕೆಲಸ ಮುಗೀತಿತ್ತು, ಆದ್ರೆ ಅವಳು ಗಾಜಿನ ಮೇಲೆ ರಕ್ತ ಸವರಿ ತಾನೇ ಮೈಕ್ರೋಸ್ಕೋಪಲ್ಲಿ ನೋಡಿ ಸಂಜೆ ಫೋನ್ ಮಾಡಿದ್ಲು, ಅಣ್ಣಾ ಇದು ಇನ್ಫೆಕ್ಷನ್ ಥರ ಕಾಣಲ್ಲ, ನಾಳೆನೇ ಹೊರಡಿ ಅಂತ. ಆ ಫೋನು ಬರದೇ ಇದ್ರೆ ನಾವು ಕೊಯ್ಲು ಮುಗಿಸಿ ಹೋಗೋಣ ಅಂತಿದ್ವಿ.

ಸಿಎಲ್‌ಎಲ್ ಅಂತ ಅಪ್ಪನ ಕಾಯಿಲೆಗೆ, ಒಂದು ಥರದ ರಕ್ತದ ಕ್ಯಾನ್ಸರ್. ಬಿ ಕಣ ಅಂತ ಇರುತ್ತಲ್ಲ, ರೋಗದ ವಿರುದ್ಧ ಆಂಟಿಬಾಡಿ ಮಾಡೋವು, ಅವುಗಳ ಕ್ಯಾನ್ಸರ್. ನಾನು ಕ್ಯಾನ್ಸರ್ ಅಂದ್ರೆ ಕಣ ಹುಚ್ಚಾಪಟ್ಟೆ ಬೆಳೆಯೋದು ಅಂದ್ಕೊಂಡಿದ್ದೆ. ಅಕ್ಕನ ಮಗಳು ಬೆಂಗಳೂರಲ್ಲಿ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡ್ತಾ ಇದಾಳೆ, ಅವಳು ರಜೆ ಹಾಕಿ ಬಂದು ಜಗಲಿ ಮೇಲೆ ಅಪ್ಪನ ಎದುರು ಕೂತು ಹೇಳಿದ್ಲು, ಅಜ್ಜಾ, ಇಲ್ಲಿ ತೊಂದರೆ ಹೆಚ್ಚಾಗಿ ಹುಟ್ಟೋದರಲ್ಲಿ ಅಲ್ಲ, ಸಾಯಬೇಕಾದ್ದು ಸಾಯದೇ ಉಳ್ಕೊಳ್ಳೋದರಲ್ಲಿ.

ಅಂಗಳದಲ್ಲಿ ಬಿದ್ದಿದ್ದ ಅಡಿಕೆ ಹಾಳೆ ಎತ್ಕೊಂಡು ಬಂದು ತೋರಿಸಿದ್ಲು. ಬುಡ ನೋಡಿ, ಯಾರೂ ಕಡಿದಿಲ್ಲ, ಗಾಳಿ ಹರಿದಿಲ್ಲ, ಮರವೇ ಬಿಟ್ಟುಕೊಟ್ಟಿದ್ದು, ಹಾಳೆ ಕಳಚಿದ ಮೇಲೇ ಒಳಗಿನ ಸಿಂಗಾರ ಹೊರಗೆ ಬರೋದು ಅಲ್ವಾ ಅಂದ್ಲು. ಕಣ ತಾನೇ ಕಳಚಿಕೊಳ್ಳೋದಕ್ಕೆ 1972ರಲ್ಲಿ ಕೆರ್, ವೈಲಿ, ಕರಿ ಅಂತ ಮೂವರು ಅಪೊಪ್ಟೋಸಿಸ್ ಅಂತ ಹೆಸರಿಟ್ರಂತೆ, ಗ್ರೀಕಲ್ಲಿ ಅದರ ಅರ್ಥ ಎಲೆ ಉದುರೋದು. ಅರವತ್ತು ವರ್ಷ ತೋಟದಲ್ಲೇ ಕಳೆದ ಅಪ್ಪಂಗೆ ಆವತ್ತು ಕಾಯಿಲೆ ಪೂರ್ತಿ ಅರ್ಥ ಆಯ್ತು, ಡಾಕ್ಟ್ರು ಚಿತ್ರ ಬರೆದು ತೋರಿಸಿದಾಗಲೂ ಅಷ್ಟು ಆಗಿರಲಿಲ್ಲ.

ಅವಳು ಹೇಳಿದ್ದು ನಂಗೆ ತಿಳಿದ ಮಟ್ಟಿಗೆ ಹೀಗಿದೆ. ಜ್ವರ ಬಂದಾಗ ದೇಹ ಲಕ್ಷಗಟ್ಟಲೆ ಸೈನಿಕ ಕಣ ಮಾಡುತ್ತೆ, ಜ್ವರ ಇಳಿದ ಮೇಲೆ ಹೆಚ್ಚಿನವು ಸಾಯಲೇಬೇಕು, ಉಳಿದ್ರೆ ನಮ್ಮ ಮೈ ಮೇಲೇ ತಿರುಗಿಬೀಳ್ತಾವೆ. ಎದೆಯ ಥೈಮಸ್ ಗ್ರಂಥಿಯಲ್ಲಿ ತಯಾರಾಗೋ ಟಿ ಕಣ ಅನ್ನೋ ಸೈನಿಕರಲ್ಲಂತೂ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಅಲ್ಲೇ ಸಾಯ್ತಾವಂತೆ. ಇದನ್ನ ನಡೆಸೋದು ಒಂದು ಗುಂಪು ಪ್ರೋಟೀನುಗಳು. ಬ್ಯಾಕ್ಸ್, ಬ್ಯಾಕ್ ಅನ್ನೋ ಎರಡು ಕಣದೊಳಗಿನ ಶಕ್ತಿಮನೆ ಮೈಟೋಕಾಂಡ್ರಿಯಕ್ಕೆ ತೂತು ಕೊರೆಯೋವು, ಆ ತೂತಿಂದ ಸೈಟೋಕ್ರೋಮ್ ಸಿ ಅನ್ನೋ ಪ್ರೋಟೀನು ಸೋರಿದ್ರೆ ಕ್ಯಾಸ್ಪೇಸ್ ಅನ್ನೋ ಕತ್ತರಿಗಳು ಎದ್ದು ಕಣನ್ನ ಒಳಗಿಂದಲೇ ತುಂಡು ಮಾಡ್ತಾವೆ, ತುಂಡುಗಳನ್ನ ಬೇರೆ ಕಣ ತಿಂದು ಚೊಕ್ಕ ಮಾಡುತ್ತೆ, ಬಾವು ಇಲ್ಲ ಕೀವು ಇಲ್ಲ. ಬಿಸಿಎಲ್-2 ಅನ್ನೋದು ಇದನ್ನ ತಡೆದು ಕಣನ್ನ ಉಳಿಸೋದು. ಬಿಮ್ ಅಂತ ಇನ್ನೊಂದಿದೆ, ಸಾಯೋ ಹೊತ್ತಾಯ್ತು ಅಂತ ಬಂದು ಬಿಸಿಎಲ್-2ರ ಮೈಮೇಲಿರೋ ಒಂದು ಸಣ್ಣ ಕುಳಿಯಲ್ಲಿ, ಬಾಗಿಲ ಚಿಲಕ ಕೂರೋ ಕುಳಿ ಥರದ್ದು, ಅದರಲ್ಲಿ ಹೋಗಿ ಕೂತ್ಕೊಳ್ಳುತ್ತೆ. ಅಪ್ಪನ ಕಣಗಳಲ್ಲಿ ಬಿಮ್ ಬೇಕಾದಷ್ಟಿತ್ತು, ಆದ್ರೆ ಬಿಸಿಎಲ್-2 ಎಷ್ಟು ಜಾಸ್ತಿ ಆಗಿತ್ತು ಅಂದ್ರೆ ಬಂದ ಬಿಮ್ಮನ್ನೆಲ್ಲ ಹಿಡಿದು ಕೂರಿಸಿಬಿಡ್ತಿತ್ತು. ಅಪ್ಪ ನುಂಗ್ತಿದ್ದ ವೆನೆಟೋಕ್ಲಾಕ್ಸ್ ಮಾತ್ರೆ ಮಾಡೋ ಕೆಲಸ ಇಷ್ಟೇ, ಬಿಮ್ ಕೂರೋ ಜಾಗದಲ್ಲಿ ತಾನು ಕೂತು ಬಿಮ್ಮನ್ನ ಬಿಡಿಸುತ್ತೆ. ಕಣ ಆಮೇಲೆ ತಾನೇ ಕಳಚುತ್ತೆ.

ಎಷ್ಟು ಬೇಗ ಕಳಚುತ್ತೆ ಅಂದ್ರೆ ಅದೇ ಅಪಾಯ. ಒಂದೇ ಸಲ ಕೋಟಿಗಟ್ಟಲೆ ಕಣ ಸತ್ರೆ ಪೊಟ್ಯಾಸಿಯಂ, ಯೂರಿಕ್ ಆಸಿಡ್ ರಕ್ತಕ್ಕೆ ಸುರಿದು ಕಿಡ್ನಿ, ಹಾರ್ಟ್ ಕೈಕೊಡಬಹುದು. ಅದಕ್ಕೇ ಮೊದಲ ವಾರ ಬರೀ 20 ಎಂಜಿ, ಆಮೇಲೆ 50, 100, 200, ಐದನೇ ವಾರಕ್ಕೆ 400. ಆ ಮೊದಲ ರಾತ್ರಿ ಡ್ಯೂಟಿಲಿದ್ದ ಸಿಸ್ಟರ್ ಹೆಸರು ಕೇಳೋಕೂ ಆಗ್ಲಿಲ್ಲ. ಎರಡು ಗಂಟೆಗೊಮ್ಮೆ ಬಂದು ಚೊಂಬು ಎತ್ತಿ ನೋಡಿ "ಅಜ್ಜ, ಇನ್ನೂ ಅರ್ಧ ಹಾಗೇ ಇದೆ, ಕುಡೀರಿ" ಅಂತ ಎದುರಿಗೆ ನಿಂತು ಕುಡಿಸಿ, ಎಷ್ಟು ಮೂತ್ರ ಹೋಯ್ತು ಅಂತ ಬರ್ಕೊಂಡು ಹೋಗೋರು. ಬೆಳಗಿನ ಜಾವ ರಕ್ತದ ರಿಪೋರ್ಟ್ ನಾರ್ಮಲ್ ಬಂದಾಗ ಅವರ ಕಣ್ಣಲ್ಲೂ ನೀರಿತ್ತು. ತಂಗೀ, ಇದನ್ನ ಓದ್ತಾ ಇದ್ರೆ ನಮ್ಮನೆಗೆ ಬನ್ನಿ.

ಇನ್ನೊಂದು ಋಣ ಇದೆ, ದೂರದ್ದು. ಬಿಸಿಎಲ್-2 ಸಿಕ್ಕಿದ್ದು ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ, ಲಿಂಫೋಮಾ ಅನ್ನೋ ಇನ್ನೊಂದು ಥರದ ಬಿಳಿ ರಕ್ತಕಣದ ಕ್ಯಾನ್ಸರಲ್ಲಿ. ಅದು ಕಣನ್ನ ಬೆಳೆಸಲ್ಲ, ಸಾಯದ ಹಾಗೆ ಉಳಿಸುತ್ತೆ ಅಂತ 1988ರಲ್ಲಿ ತೋರಿಸಿದ್ದು ಮೆಲ್ಬರ್ನಿನ ವಾಲ್ಟರ್ ಅಂಡ್ ಎಲಿಜಾ ಹಾಲ್ ಇನ್‌ಸ್ಟಿಟ್ಯೂಟಲ್ಲಿ ಡೇವಿಡ್ ವಾಕ್ಸ್, ಸುಝಾನ್ ಕೋರಿ, ಜೆರ್ರಿ ಆಡಮ್ಸ್. ವಾಕ್ಸ್ ಆಗ ನಮ್ಮ ಕೂಸಿನ ಹಾಗೇ ಪಿಎಚ್‌ಡಿ ಮಾಡ್ತಿದ್ದೋರು. ಮಾತ್ರೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 2016ರಲ್ಲಿ. ನಡುವಿನ 28 ವರ್ಷ ಎಷ್ಟು ಜನ ಬೆನ್ನು ಬಗ್ಗಿಸಿ ಕೂತಿರಬೇಕು. ಇದಕ್ಕಿಂತ ಮೊದಲು ಬಂದ ಒಂದು ಔಷಧ ಬಿಸಿಎಲ್-ಎಕ್ಸ್‌ಎಲ್ ಅನ್ನೋ ಅದರ ತಮ್ಮನನ್ನೂ ಹಿಡೀತಿತ್ತಂತೆ, ಪ್ಲೇಟ್‌ಲೆಟ್ ಬದುಕೋದೇ ಆ ತಮ್ಮನಿಂದ, ಹಾಗಾಗಿ ರೋಗಿಗಳ ಪ್ಲೇಟ್‌ಲೆಟ್ ಇಳಿದುಹೋಗ್ತಿತ್ತು. ಔಷಧ ಮಾಡೋರು ಅಷ್ಟಕ್ಕೇ ಬಿಡದೆ ಅಣ್ಣನನ್ನ ಮಾತ್ರ ಹಿಡಿಯೋ ಹಾಗೆ ಹೊಸದಾಗಿ ಮಾಡಿದ್ರು. ನಮ್ಮಪ್ಪನ ಪ್ಲೇಟ್‌ಲೆಟ್ ಮೊದಲೇ ಕಮ್ಮಿ ಇತ್ತು, ಹಾಗಾಗಿ ಈ ಒಂದು ವಿಷಯ ನೆನೆಸ್ಕೊಂಡ್ರೆ ನಂಗೆ ಈಗಲೂ ಕೈ ಮುಗಿಯೋಣ ಅನ್ಸುತ್ತೆ.

ಊರಿನೋರಿಗೆ ಹೇಗೆ ಹೇಳೋದು ಗೊತ್ತಾಗ್ತಿಲ್ಲ. ನಮ್ಮ ಜಿಲ್ಲೆಗೆ ದೊಡ್ಡಾಸ್ಪತ್ರೆ ಬೇಕು ಅಂತ 2022ರಲ್ಲಿ ಎಲ್ಲರೂ ಸೇರಿ ಎಷ್ಟು ಕೂಗಿದ್ವಿ, ಆದ್ರೂ ನಾವು ಘಟ್ಟ ಇಳಿದು ಬೇರೆ ಜಿಲ್ಲೆಗೇ ಹೋಗಬೇಕಾಯ್ತು, ಮಳೇಲಿ ದೇವಿಮನೆ ಘಟ್ಟದಲ್ಲಿ ಜ್ವರ ಬಂದ ಅಪ್ಪನನ್ನ ಹಿಂದಿನ ಸೀಟಲ್ಲಿ ಮಲಗಿಸ್ಕೊಂಡು ನಡುರಾತ್ರಿ ಗಾಡಿ ಓಡಿಸಿದ ಪಕ್ಕದಮನೆ ಭಾವ ಒಂದು ಸಲನೂ ಡೀಸೆಲ್ ದುಡ್ಡು ತಗೊಳ್ಳಲಿಲ್ಲ. ಬಿಳಿ ಕಣ ತೀರಾ ಇಳಿದು ಹೋಗಿದ್ದ ಆ ವಾರ ಕೇರಿಯ ಅತ್ತಿಗೆಯಂದಿರು ಸರದಿ ಮೇಲೆ ಬಿಸಿ ಗಂಜಿ ತಂದು ಹೆಬ್ಬಾಗಿಲ ಹೊರಗೇ ಇಟ್ಟು ಹೋಗೋರು, ಒಳಗೆ ಬಂದ್ರೆ ಸೋಂಕು ತಾಗೀತು ಅಂತ. ಕೊನೆಕೊಯ್ಲು ನಾನಿಲ್ಲದೇ ಮುಗೀತು, ಊರಿನೋರೇ ಅಡಿಕೆ ಸುಲಿದು ಒಣಗಿಸಿ ಚೀಲ ಕಟ್ಟಿ ಲೆಕ್ಕ ಬರೆದಿಟ್ಟಿದ್ರು.

ಅಪ್ಪ ನಿನ್ನೆ ಮೊಮ್ಮಗಳ ಹತ್ರ ಮೆಲ್ಬರ್ನಿನ ಅಡ್ರೆಸ್ ಕೇಳಿ ಬರೆಸ್ಕೊಂಡಿದಾನೆ, ಕಾಗದ ಕನ್ನಡದಲ್ಲೇ ಬರೀತಾನಂತೆ, ಅವಳು ಕೆಳಗೆ ಇಂಗ್ಲಿಷಲ್ಲಿ ಬರೆದು ಕೊಡ್ತಾಳೆ. ನಾಳೆ ಮರ ಹತ್ತೋ ಕೊನೆಗೌಡ ಅಡಿಕೆಗೆ ಕೊಳೆ ಔಷಧಿ ಹೊಡೆಯೋಕೆ ಬರ್ತಾನೆ, ಅಪ್ಪ ಬೆಳಿಗ್ಗೆನೇ ಸುಣ್ಣ ನೆನೆಹಾಕಿ ಡ್ರಮ್ಮಿನ ಪಕ್ಕ ಕೂತಿದಾನೆ.