ಗೃಹಸಾಲದ ಹೊಸ್ತಿಲಲ್ಲಿ ಹೊಸ ಕ್ರೆಡಿಟ್ ಕಾರ್ಡ್: ಬ್ಯಾಂಕುಗಳು ಮೊದಲೇ ತಿಳಿಸಲಿ

ಮಾನ್ಯ ಸಂಪಾದಕರೇ,

ಗೃಹಸಾಲಕ್ಕೆ ಅರ್ಜಿ ಹಾಕುವವರಿಗೆ ಬ್ಯಾಂಕಿನವರು ಕೊಡುವ ಕಾಗದಪತ್ರಗಳ ಪಟ್ಟಿಯೊಂದು ನನ್ನ ಮುಂದಿದೆ. ವೇತನ ಚೀಟಿ, ಫಾರ್ಮ್ 16, ಖಾತೆ ವಿವರ, ಸಂಚಗಾರ (ಮುಂಗಡ) ಪತ್ರ, ಉತಾರ, ಋಣಭಾರ ಪತ್ರ, ಕಟ್ಟಡ ಪರವಾನಗಿ ಎಂದು ಎರಡು ಪುಟ ತುಂಬಿದೆ. ಸಾಲದ ಹಣ ಬಿಡುಗಡೆಯಾಗುವವರೆಗೆ ಹೊಸ ಕ್ರೆಡಿಟ್ ಕಾರ್ಡ್ ಮಾಡಿಸಬೇಡಿ, ಕಂತಿನಲ್ಲಿ ಸಾಮಾನು ಕೊಳ್ಳಬೇಡಿ ಎಂಬ ಒಂದು ಸಾಲು ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ಆ ಸಾಲು ಇದ್ದಿದ್ದರೆ ನನ್ನ ಮಗಳು, ಅಳಿಯ ಐದು ವಾರ ಪಟ್ಟ ಸಂಕಟ ತಪ್ಪುತ್ತಿತ್ತು. ಇಂಥದ್ದು ಬೇರೆ ಮನೆಗಳಲ್ಲಿಯೂ ಆಗುತ್ತಿರಬಹುದೆಂದು ಈ ಪತ್ರ ಬರೆಯುತ್ತಿದ್ದೇನೆ.

ಅವರಿಬ್ಬರೂ ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಾರೆ. ನವನಗರದ ಕಡೆ 43 ಲಕ್ಷ ರೂಪಾಯಿಗೆ ಒಂದು ಮನೆ ಗೊತ್ತುಮಾಡಿ, ಸಂಚಗಾರ ಕೊಟ್ಟು, ಮೂರು ತಿಂಗಳಲ್ಲಿ ಖರೀದಿ ಪತ್ರ ಮಾಡಿಸಿಕೊಳ್ಳುವ ಕರಾರು ಮಾಡಿಕೊಂಡರು. 34 ಲಕ್ಷದ ಗೃಹಸಾಲಕ್ಕೆ ಬ್ಯಾಂಕಿನಿಂದ ತಾತ್ವಿಕ ಒಪ್ಪಿಗೆಯೂ ದೊರೆಯಿತು. ಇನ್ನು ಎಲ್ಲ ಮುಗಿದಂತೆ ಎಂದು ಭಾವಿಸಿ, ಹೊಸ ಮನೆಗೆ ಫ್ರಿಜ್ ಮತ್ತು ವಾಷಿಂಗ್ ಮಷಿನ್ ನೋಡಲು ಒಂದು ದೊಡ್ಡ ಅಂಗಡಿಗೆ ಹೋದರು. ಅಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದ ಹುಡುಗ, ಹೊಸ ಕಾರ್ಡ್ ಮಾಡಿಸಿದರೆ 3,000 ರೂಪಾಯಿ ರಿಯಾಯಿತಿ, ಉಳಿದದ್ದು ಬಡ್ಡಿ ಇಲ್ಲದ ಕಂತು ಎಂದು ಹೇಳಿ, ಮಗಳ ಪ್ಯಾನ್ ಸಂಖ್ಯೆ ಕೇಳಿ, ಮೊಬೈಲಿಗೆ ಬಂದ ಒಟಿಪಿ ಪಡೆದನು. ಮೊದಲ ಕಂಪನಿ ಅರ್ಜಿಯನ್ನು ತಿರಸ್ಕರಿಸಿದಾಗ ಮತ್ತೊಂದು ಒಟಿಪಿ ಪಡೆದು ಬೇರೊಂದು ಕಂಪನಿಗೆ ಕಳಿಸಿದನು. ವಾರದೊಳಗೆ 60,000 ರೂಪಾಯಿ ಮಿತಿಯ ಕಾರ್ಡ್ ಬಂದಿತು. ಅದರಲ್ಲಿಯೇ 48,000 ರೂಪಾಯಿಯ ಸಾಮಾನು ಬಂದವು, ತಿಂಗಳಿಗೆ 4,000ದಂತೆ 12 ಕಂತು.

ಹಣ ಬಿಡುಗಡೆ ಮಾಡುವ ಮೊದಲು ಬ್ಯಾಂಕಿನವರು ಕ್ರೆಡಿಟ್ ವರದಿಯನ್ನು, ಅಂದರೆ ನಮ್ಮ ಸಾಲ, ಕಾರ್ಡ್, ಮರುಪಾವತಿಗಳ ದಾಖಲೆಯನ್ನು, ಮತ್ತೊಮ್ಮೆ ತರಿಸಿದರು. ಹೀಗೆ ಎರಡನೆಯ ಬಾರಿ ತರಿಸುತ್ತಾರೆ ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ನಾನು ಗಣಿತ ಶಿಕ್ಷಕನಾಗಿ ನಿವೃತ್ತನಾದವನು, ಆದ್ದರಿಂದ ಮುಂದೆ ಆದದ್ದನ್ನು ಲೆಕ್ಕದಲ್ಲಿಯೇ ಹೇಳುತ್ತೇನೆ. ಇಬ್ಬರ ಕೈಗೆ ಬರುವ ಸಂಬಳ ಸೇರಿ 60,000 ರೂಪಾಯಿ. ಎಲ್ಲ ಕಂತುಗಳೂ ಸೇರಿ ಅದರ ಅರ್ಧವನ್ನು ಮೀರಬಾರದು ಎಂಬುದು ಆ ಬ್ಯಾಂಕ್ ನಮಗೆ ಹಾಕಿದ ಅಳತೆ, ಅಂದರೆ 30,000. ಶೇಕಡ 8.5 ಬಡ್ಡಿಯಲ್ಲಿ 20 ವರ್ಷಕ್ಕೆ 34 ಲಕ್ಷ ಸಾಲ ತೆಗೆದರೆ ಕಂತು ಸುಮಾರು 29,500 ಆಗುತ್ತದೆ, ಅಳತೆಯೊಳಗೆ ಕೂಡುತ್ತದೆ. ಕಾರ್ಡಿನ 4,000 ಕಳೆದರೆ ಉಳಿಯುವುದು 26,000. ಅಷ್ಟು ಕಂತಿಗೆ ಸಿಗುವ ಸಾಲ 30 ಲಕ್ಷಕ್ಕೂ ತುಸು ಕಡಿಮೆ. ಹೀಗೆ 48,000 ರೂಪಾಯಿಯ ಸಾಮಾನು, ಅದೂ ಒಂದೇ ವರ್ಷದಲ್ಲಿ ತೀರಿಹೋಗುವ ಕಂತು, ಮನೆಯ ಸಾಲದಲ್ಲಿ 4 ಲಕ್ಷದ ಕಂದಕ ತೋಡಿತು. ಮಾರುವವರ ಮುಂದೆ ಕರಾರಿನ ಗಡುವು ಹತ್ತಿರವಾಗುತ್ತಿರುವಾಗ 4 ಲಕ್ಷ ಎಲ್ಲಿಂದ ತರುವುದೆಂದು ಮಗಳು ಫೋನಿನಲ್ಲಿ ಅತ್ತದ್ದನ್ನು ನಾನು ಮರೆಯಲಾರೆ. ತಪ್ಪು ಯಾವುದೆಂದೇ ಅವಳಿಗೆ ತಿಳಿದಿರಲಿಲ್ಲ, ಏಕೆಂದರೆ ಅವಳು ಒಂದು ಕಂತನ್ನೂ ತಪ್ಪಿಸಿರಲಿಲ್ಲ.

ಕಂತು ತಪ್ಪಿಸದಿದ್ದರೆ ಸಾಕು, ಸಿಬಿಲ್ ಚೆನ್ನಾಗಿರುತ್ತದೆ ಎಂಬುದು ನಮ್ಮ ಕಡೆ ಬಹಳ ಜನರ ನಂಬಿಕೆ. ಸಿಬಿಲ್ ಎಂದರೆ ಕ್ರೆಡಿಟ್ ವರದಿ ಇಡುವ ಸಂಸ್ಥೆ, ಅದು ಕೊಡುವ ಅಂಕವನ್ನೂ ಜನ ಅದೇ ಹೆಸರಿನಿಂದ ಕರೆಯುತ್ತಾರೆ. ಆ ಅಂಕ 300ರಿಂದ 900ರ ನಡುವೆ ಇರುತ್ತದೆ, ಮರುಪಾವತಿ ಅದರ ದೊಡ್ಡ ಅಂಶವೆಂಬುದೂ ನಿಜ. ಆದರೆ ಹೊಸ ಕಾರ್ಡಿಗೆ ಅರ್ಜಿ ಹಾಕಿದೊಡನೆ ಆ ಕಂಪನಿ ನಮ್ಮ ವರದಿಯನ್ನು ಕೇಳಿ ತರಿಸುತ್ತದೆ, ಹಾಗೆ ಕೇಳಿದ ದಾಖಲೆ ವರದಿಯಲ್ಲಿಯೇ ಉಳಿಯುತ್ತದೆ. ಅರ್ಜಿ ತಿರಸ್ಕೃತವಾದರೂ ಉಳಿಯುತ್ತದೆ. ಕೆಲವೇ ದಿನಗಳಲ್ಲಿ ಇಂಥ ಎರಡು ಮೂರು ದಾಖಲೆ ಕಂಡರೆ, ಈ ಮನುಷ್ಯನಿಗೆ ಹಣದ ಅಡಚಣೆ ಇದೆ ಎಂದು ಸಾಲ ಕೊಡುವವರು ಓದಿಕೊಳ್ಳುತ್ತಾರೆ. ಅದರ ಮೇಲೆ, ಹೊಸ ಕಾರ್ಡಿನಿಂದ ನಮ್ಮ ಸಾಲದ ಖಾತೆಗಳ ಸರಾಸರಿ ವಯಸ್ಸು ತಗ್ಗುತ್ತದೆ, ಅದೂ ಅಂಕವನ್ನು ಇಳಿಸಬಹುದು. ಕಾರ್ಡಿನ ಮಿತಿಯ ಮೂರನೇ ಒಂದು ಭಾಗದೊಳಗೆ ಬಳಕೆ ಇರಲಿ ಎಂಬುದು ಈ ವ್ಯವಹಾರ ಬಲ್ಲವರ ಸಾಮಾನ್ಯ ಸಲಹೆ, ಮಗಳು ಶೇಕಡ 80ನ್ನು ಒಂದೇ ದಿನ ಬಳಸಿದ್ದಳು. ಅನೇಕ ಬ್ಯಾಂಕುಗಳು ಈ ಅಂಕ ನೋಡಿಯೇ ಬಡ್ಡಿದರ ನಿಗದಿ ಮಾಡುವುದರಿಂದ, ಸಾಲ ಸಿಕ್ಕರೂ ಪೆಟ್ಟು ತಪ್ಪುವುದಿಲ್ಲ. 34 ಲಕ್ಷಕ್ಕೆ ಶೇಕಡ 0.25ರಷ್ಟು ಬಡ್ಡಿ ಏರಿದರೆ ತಿಂಗಳ ಕಂತು ಸುಮಾರು 540 ರೂಪಾಯಿ ಏರುತ್ತದೆ. ದರ ಹಾಗೆಯೇ ಉಳಿದರೆ 20 ವರ್ಷಕ್ಕೆ ಅದು 1 ಲಕ್ಷ 30 ಸಾವಿರದ ಹತ್ತಿರ ಹೋಗುತ್ತದೆ.

ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಒಂದು ಊರಿನ ಅಂಥ ಸಂಘದಲ್ಲಿ ಸಾಲ ಕೇಳಿದವನ ಹೊಲ, ಮನೆ, ನಡತೆ ಎಲ್ಲವೂ ಕೊಡುವವರಿಗೆ ಕಣ್ಣೆದುರೇ ಇರುತ್ತವೆ, ಸಂಶಯ ಬಂದರೆ ಕರೆದು ಕೇಳಬಹುದು. ಇಂದು ‘ಪತ್ತು’ ಎಂಬುದು ಯಂತ್ರ ಎಣಿಸಿ ಕೊಡುವ ಅಂಕವಾಗಿದೆ, ಅದು ಯಾರನ್ನೂ ಕರೆದು ಕೇಳುವುದಿಲ್ಲ. ಅದಕ್ಕೇ ಆ ಎಣಿಕೆಯ ನಿಯಮಗಳನ್ನು ಜನರ ಭಾಷೆಯಲ್ಲಿ ಮೊದಲೇ ತಿಳಿಸುವ ಹೊಣೆ ಅದನ್ನು ಬಳಸುವವರ ಮೇಲಿದೆ ಎಂದು ನಾನು ನಂಬುತ್ತೇನೆ.

ಕ್ರೆಡಿಟ್ ಕಾರ್ಡೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಇದುವರೆಗೆ ಯಾವ ಸಾಲವನ್ನೂ ಮಾಡದ ತರುಣರಿಗೆ ಅಂಕವೇ ಇರುವುದಿಲ್ಲ. ಅಂಥವರು ಮನೆಯ ಯೋಚನೆಗೆ ಒಂದೆರಡು ವರ್ಷ ಮೊದಲು ಒಂದು ಕಾರ್ಡ್ ಪಡೆದು, ಸ್ವಲ್ಪ ಬಳಸಿ, ಪ್ರತಿ ತಿಂಗಳು ಪೂರ್ತಿ ಕಟ್ಟುತ್ತ ಬಂದರೆ ಅದು ಉಪಕಾರವೇ. ಅಡ್ಡಿಯಾಗುವುದು ಸಮಯ. ಗಾಬರಿಯಲ್ಲಿ ಹಳೆಯ ಕಾರ್ಡನ್ನು ರದ್ದುಪಡಿಸುವುದೂ ಅಷ್ಟೇ ಅವಸರದ ಕೆಲಸ, ಏಕೆಂದರೆ ಹಳೆಯ ಕಾರ್ಡಿನ ಜೊತೆ ಅದರ ಬಳಸದ ಮಿತಿಯೂ ಹೋಗುತ್ತದೆ, ಆಗ ಉಳಿದ ಮಿತಿಯಲ್ಲಿ ಬಳಕೆಯ ಪಾಲು ಏರುತ್ತದೆ.

ನಮಗೆ ದಾರಿಯಾದದ್ದು ಹೀಗೆ. ಎರಡು ಕಂತು ಕಟ್ಟಿಯಾಗಿತ್ತು. ಉಳಿದ 40,000 ರೂಪಾಯಿಯನ್ನು ನಾನು ಕೊಟ್ಟೆ, ಒಂದೇ ಸಲಕ್ಕೆ ತೀರಿಸಿ ಬಾಕಿ ಇಲ್ಲವೆಂಬ ಪತ್ರ ಪಡೆದೆವು. ಸಾಲದ ಮಾಹಿತಿಯನ್ನು ಹದಿನೈದು ದಿನಕ್ಕೊಮ್ಮೆ ಹೊಸದು ಮಾಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂದಿತ್ತು. ಅದರಂತೆ ವರದಿಯಲ್ಲಿ ಬಾಕಿ ಶೂನ್ಯವಾದುದು ಕಂಡ ಮೇಲೆ ಬ್ಯಾಂಕಿನವರು 34 ಲಕ್ಷವನ್ನೇ ಮಂಜೂರು ಮಾಡಿದರು. ಅಷ್ಟರಲ್ಲಿ ಗಡುವು ಮೀರಿದ್ದರಿಂದ, ಅದನ್ನು ಮುಂದೂಡಲು ಮಾರುವವರು 50,000 ರೂಪಾಯಿ ಹೆಚ್ಚಿಗೆ ಪಡೆದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಕರಾರು ಕರಾರೇ. ಇದೇ ಸ್ಥಿತಿಯಲ್ಲಿರುವವರು ತಿಳಿಯಬೇಕಾದ ಇನ್ನೊಂದು ಮಾತಿದೆ. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ, ಸಿಬಿಲ್‌ನಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕೆಂಬ ನಿಯಮವೂ ಇದೆ. ಅರ್ಜಿಗೆ ಮೊದಲೇ ಅದನ್ನು ತರಿಸಿ ನೋಡಿದರೆ, ನಮ್ಮದಲ್ಲದ ಸಾಲ ಅಥವಾ ಕಾರ್ಡ್ ಕಂಡಾಗ ದೂರು ಕೊಡಲು ಸಮಯ ಸಿಗುತ್ತದೆ. ದೂರು 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನೂ ಕೊಡಬೇಕಾಗುತ್ತದೆ.

ಸಾಲದ ಮುಖ್ಯ ಅಂಶಗಳ ವಿವರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರಲ್ಲಿಯೇ ಹೇಳಿದೆ. ಆದರೆ ಆ ವಿವರ ಕೈಗೆ ಬರುವುದು ಸಾಲದ ಮಾತು ಪಕ್ಕಾ ಆಗುವ ಹೊತ್ತಿಗೆ. ಎಚ್ಚರಿಕೆ ಬೇಕಾದದ್ದು ಅದಕ್ಕೂ ಮೊದಲು, ಅರ್ಜಿಯ ದಿನವೇ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಬ್ಯಾಂಕ್ ಶಾಖೆಗಳ ವ್ಯವಸ್ಥಾಪಕರಲ್ಲಿ ನನ್ನ ಕಳಕಳಿಯ ವಿನಂತಿ ಇಷ್ಟೇ: ಕಾಗದಪತ್ರಗಳ ಪಟ್ಟಿಯ ಮೊದಲ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಆ ಒಂದು ಸಾಲನ್ನು ಮುದ್ರಿಸಿರಿ, ಹಣ ಬಿಡುಗಡೆಗೆ ಮೊದಲು ವರದಿಯನ್ನು ಮತ್ತೆ ತರಿಸುವಿರಿ ಎಂಬುದನ್ನೂ ಸೇರಿಸಿರಿ. ಅಂಗಡಿಗಳಲ್ಲಿ ಕಾರ್ಡ್ ಮಾರಿಸುವ ಕಂಪನಿಗಳು, ಒಟಿಪಿ ಕೇಳುವ ಮೊದಲು ‘ನೀವು ಗೃಹಸಾಲಕ್ಕೆ ಅರ್ಜಿ ಹಾಕಿದ್ದೀರಾ?’ ಎಂದು ಕೇಳುವಂತೆ ತಮ್ಮ ಹುಡುಗರಿಗೆ ಕಲಿಸಲಿ.

ಇಂತಿ ತಮ್ಮ ಓದುಗ,
ನಿವೃತ್ತ ಗಣಿತ ಶಿಕ್ಷಕ, ಗದಗ-ಬೆಟಗೇರಿ